ಮನೆಯಂಗಳ: ಪುತ್ತಿಗೆಯ ತಿಳಿನೀರು, ಗಾಜಿನ ತೊಟ್ಟಿಯ ಮೀನು



ಕಳೆದ ಆಷಾಢದ ಒಂದು ಬೆಳಿಗ್ಗೆ ಪುತ್ತಿಗೆಯಿಂದ ನನ್ನ ತಮ್ಮನ ಮಗಳ ಕರೆ ಬಂದಿತು. ಮೂಡುಬಿದಿರೆಗೆ ಹತ್ತಿಕೊಂಡಿರುವ ಈ ಊರಿನಲ್ಲಿ ಅವಳ ಪತಿ ಅಧ್ಯಾಪಕರು. ಗದಗ ಸೀಮೆಯಿಂದ ಅಲ್ಲಿಗೆ ಹೋಗಿ ನೆಲೆಸಿ ಎರಡು ವರ್ಷವಾಯಿತು. "ದೊಡ್ಡಪ್ಪಾ, ರಾತ್ರೋರಾತ್ರಿ ಐದು ಮೀನು ಸತ್ತಾವ. ನಮ್ಮ ಅತ್ತೆಯವರು ನಿನ್ನೆಯಿಂದ ಊಟ ಮಾಡಿಲ್ಲ" ಎಂದಳು. ಮೀನು ಸತ್ತದ್ದಕ್ಕೂ ಬೀಗಿತಿಯವರ ಉಪವಾಸಕ್ಕೂ ಏನು ಸಂಬಂಧವೆಂದು ನನಗೆ ಆ ಕ್ಷಣಕ್ಕೆ ತಿಳಿಯಲಿಲ್ಲ. ವಿಚಾರಿಸುತ್ತ ಹೋದಂತೆ ತಿಳಿಯಿತು. ಆ ವಿಚಾರಣೆಯನ್ನೇ ಈ ತಿಂಗಳು ತಮ್ಮ ಮುಂದಿಡುತ್ತಿದ್ದೇನೆ, ಏಕೆಂದರೆ ಮಕ್ಕಳ ಹಟಕ್ಕೆ ಮಣಿದು ಗಾಜಿನ ತೊಟ್ಟಿ ತಂದ ಮನೆಗಳು ನಮ್ಮ ವಾಚಕರಲ್ಲಿಯೂ ಸಾಕಷ್ಟಿವೆ. ಕೊಂದು ತಿನ್ನದ ಮನೆಯಲ್ಲಿ ಸಾಕಿದ ಜೀವ ಕಣ್ಣೆದುರೇ ಸತ್ತರೆ ಆಗುವ ನೋವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ತೊಟ್ಟಿ ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಕಂಠಮಟ್ಟ ತುಂಬಿದರೆ 56 ಲೀಟರು. ಅದರಲ್ಲಿ ಏಳು ಚಿನ್ನದ ಮೀನುಗಳು. ಇದೇ ಮೊದಲ ತಪ್ಪು. ಅಷ್ಟು ನೀರಿಗೆ ಎರಡು ಚಿನ್ನದ ಮೀನೇ ಹೆಚ್ಚು. ಆದರೂ ಎಂಟು ತಿಂಗಳು ಅವು ಬದುಕಿದ್ದವಲ್ಲ! ಹಾಗಾದರೆ ಆ ಒಂದು ರಾತ್ರಿ ನಡೆದದ್ದೇನು?

ಮೀನು ಸತ್ತಾಗ ಮೊದಲು ಕೇಳಬೇಕಾದುದು ಯಾವ ಔಷಧಿ ಹಾಕಲಿ ಎಂಬುದಲ್ಲ. ಯಾವ ಹೊತ್ತಿನಲ್ಲಿ, ಎಷ್ಟು, ಯಾವ ಕ್ರಮದಲ್ಲಿ ಸತ್ತವು ಎಂಬುದು. ನಸುಕಿನಲ್ಲಿ ಮೇಲ್ಮೈಗೆ ಬಾಯಿ ತೆರೆದು, ದೊಡ್ಡವು ಮೊದಲು ಸತ್ತರೆ ಆಮ್ಲಜನಕದ ಅಭಾವವೆಂದು ಶಂಕಿಸಬೇಕು. ಬಿಸಿ ನೀರು ಆಮ್ಲಜನಕವನ್ನು ಕಡಿಮೆ ಹಿಡಿಯುತ್ತದೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಇರುವುದು 30 ಡಿಗ್ರಿಯಲ್ಲಿ ಏಳೂವರೆಗೆ ಇಳಿಯುತ್ತದೆ. ಮಳೆಗಾಲದ ರಾತ್ರಿ ವಿದ್ಯುತ್ತು ಹೋಗಿ ಗಾಳಿಯಂತ್ರ ನಿಂತರೆ ಇದೇ ಆಗುತ್ತದೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ 2016ರ ಮಾರ್ಚಿಯಲ್ಲಿ ಸಾವಿರಾರು ಮೀನುಗಳು ತೇಲಿದುದಕ್ಕೂ ಕೊಳಚೆ ಸೇರಿ ನೀರಿನ ಆಮ್ಲಜನಕ ಬತ್ತಿದುದೇ ಕಾರಣವೆಂದು ಹೇಳಲಾಯಿತು. ದೊಡ್ಡದು ಚಿಕ್ಕದೆನ್ನದೆ ಕೆಲವೇ ಗಂಟೆಗಳಲ್ಲಿ ಎಲ್ಲವೂ ಸತ್ತರೆ ಅದು ವಿಷದ ಲಕ್ಷಣ. ಪುತ್ತಿಗೆಯ ನೆರೆಯ ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ, ಭಕ್ತರು ಅಕ್ಕಿ ಹಾಕಿ ಪೋಷಿಸುತ್ತಿದ್ದ ಕಪಿಲಾ ನದಿಯ ದೇವರ ಮೀನುಗಳು 1996ರಲ್ಲಿ ದುಷ್ಕರ್ಮಿಗಳು ಬೆರೆಸಿದ ವಿಷದಿಂದ ಹಾಗೆಯೇ ರಾಶಿರಾಶಿಯಾಗಿ ಸತ್ತವು. ಎರಡು ಮೂರು ದಿನಕ್ಕೊಂದರಂತೆ ಸಾಯುತ್ತ ಬಂದರೆ ರೋಗವೋ ನೀರಿನ ಮಲಿನತೆಯೋ ಇರಬೇಕು.

ಇಲ್ಲಿ ಐದು ಮೀನು ಒಂದೇ ರಾತ್ರಿಯಲ್ಲಿ ಸತ್ತಿದ್ದವು. ವಿದ್ಯುತ್ತು ಹೋಗಿರಲಿಲ್ಲ, ಗಾಳಿಯಂತ್ರ ನಡೆದಿತ್ತು. ಹಾಗಾದರೆ ವಿಷ, ಅದು ಬಂದದ್ದೆಲ್ಲಿಂದ?

ಅಳಿಯಂದಿರು ಬ್ಲೀಚಿಂಗ್ ಪುಡಿಯನ್ನು ಶಂಕಿಸಿದ್ದರು. ಮಳೆಗಾಲದ ಆರಂಭದಲ್ಲಿ ಬಾವಿಗೆ ಅದನ್ನು ಹಾಕುವುದುಂಟು. ಕ್ಲೋರಿನ್ ಮೀನಿನ ಕಿವಿರನ್ನು ಸುಡುವುದೂ ನಿಜ. ಆದರೆ ಹಾಕಿ ಹದಿನೈದು ದಿನ ಕಳೆದಿತ್ತು, ತೊಟ್ಟಿಗೆ ಬಾವಿಯ ಹೊಸ ನೀರು ಬಿದ್ದು ಅದಕ್ಕಿಂತ ಹೆಚ್ಚು ದಿನವಾಗಿತ್ತು. ನನಗೆ ಮೈಲುತುತ್ತದ ಮೇಲೆ ಅನುಮಾನವಿತ್ತು. ಆ ಸೀಮೆಯ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಕಾಲವದು; 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ತಾಮ್ರವು ಮೀನಿಗೆ ಅತಿಸೂಕ್ಷ್ಮ ಪ್ರಮಾಣದಲ್ಲಿಯೂ ವಿಷ, ಮೃದು ನೀರಿನಲ್ಲಿ ಇನ್ನೂ ಹೆಚ್ಚು. ದ್ರಾವಣ ಕಲಸಿದ ಕೊಡಪಾನದಲ್ಲಿ, ಅಷ್ಟೇಕೆ, ರಾತ್ರಿಯಿಡೀ ನೀರು ನಿಂತ ತಾಮ್ರದ ಹಂಡೆಯಲ್ಲಿ ಮೊಗೆದು ತೊಟ್ಟಿಗೆ ಸುರಿಯಬಾರದು. ಆದರೆ ಇವರ ಮನೆಗೆ ತೋಟವಿಲ್ಲ, ಬಕೆಟ್ಟು ಪ್ಲಾಸ್ಟಿಕ್ಕಿನದು. ಸೊಳ್ಳೆ ಔಷಧಿಯ ಯಂತ್ರ ಅದೇ ಕೋಣೆಯಲ್ಲಿತ್ತೆ? ಆ ಔಷಧಿಗಳು ಮೀನಿಗೆ ಮಾರಕ, ಗಾಳಿಯಂತ್ರ ಕೋಣೆಯ ಗಾಳಿಯನ್ನೇ ನೀರಿಗೆ ತಳ್ಳುತ್ತದೆ. ಇರಲಿಲ್ಲ.

ಕೊನೆಗೆ ಕೇಳಿದೆ: "ನಿನ್ನೆ ತೊಟ್ಟಿಗೆ ಯಾರಾದರೂ ಏನಾದರೂ ಹಾಕಿದ್ದರೇನು, ತಾಯಿ?" ಅವಳು ತುಸು ಸುಮ್ಮನಿದ್ದು, "ಅತ್ತೆಯವರು ಒಂದೀಟು ಸುಣ್ಣ ಹಾಕಿದ್ರು" ಎಂದಳು.

ಕೆಲವು ದಿನಗಳಿಂದ ಮೀನುಗಳು ಮಂಕಾಗಿ ಮೂಲೆ ಸೇರಿದ್ದವು. ಅಳಿಯಂದಿರು ಕಾಲೇಜಿನಿಂದ ಪಿಎಚ್ ಕಾಗದ ತಂದು ಅದ್ದಿ ನೋಡಿ, ಅಂಕಿ 5 ಮತ್ತು 6ರ ನಡುವೆ ಬಂದುದರಿಂದ "ನೀರು ಹುಳಿಯಾಗಿದೆ" ಎಂದಿದ್ದರಂತೆ. ಹುಳಿಗೆ ಸುಣ್ಣವೇ ಮದ್ದೆಂದು ಬಲ್ಲ ಬೀಗಿತಿಯವರು ಎಲೆಯಡಿಕೆಯ ಡಬ್ಬಿಯಿಂದ ಅಡಿಕೆ ಗಾತ್ರದ ಸುಣ್ಣವನ್ನು ಕದಡಿ ಹಾಕಿದರು. ಬೆಳಿಗ್ಗೆ ಐದು ಮೀನು ತೇಲಿದವು. ಮನೆಯಲ್ಲಿ ಯಾರೂ ಒಂದು ಮಾತೂ ಆಡಲಿಲ್ಲವಂತೆ. ಆಡದಿದ್ದುದೇ ಆ ತಾಯಿಗೆ ಹೆಚ್ಚು ಚುಚ್ಚಿತೆಂದು ಕಾಣುತ್ತದೆ. ಮತ್ತೆ ಕಾಗದ ಅದ್ದಿ ನೋಡಿರೆಂದೆ, 9 ತೋರಿಸಿತು.

ಇನ್ನು ಇದರ ಒಳಗುಟ್ಟು. ಮೀನಿನ ಕಿವಿರಿನಿಂದ, ಮಲದಿಂದ, ತಿಂದುಳಿದ ಆಹಾರದಿಂದ ನೀರಿಗೆ ಸದಾ ಅಮೋನಿಯಾ ಸೇರುತ್ತಿರುತ್ತದೆ. ಶೋಧಕದ ಸ್ಪಂಜಿನಲ್ಲಿಯೂ ಕಲ್ಲುಗಳ ಮೇಲೂ ನೆಲೆಸುವ ಕಣ್ಣಿಗೆ ಕಾಣದ ಜೀವಾಣುಗಳು ಅದನ್ನು ಮೊದಲು ನೈಟ್ರೈಟಾಗಿ, ಬಳಿಕ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟಾಗಿ ಮಾರ್ಪಡಿಸುತ್ತವೆ. ರಷ್ಯದ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿ 1890ರ ಸುಮಾರಿಗೆ ಈ ಜೀವಾಣುಗಳನ್ನು ಬೇರ್ಪಡಿಸಿ ತೋರಿಸಿದರು. ಹೊಸ ತೊಟ್ಟಿಯಲ್ಲಿ ಇವು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಹೊಸದಾಗಿ ತಂದ ಮೀನು ಮೊದಲ ತಿಂಗಳಲ್ಲೇ ಸಾಯುವುದು ಬಹುಮಟ್ಟಿಗೆ ಇದರಿಂದ. ಸ್ಪಂಜನ್ನು ಸಾಬೂನು ಹಚ್ಚಿ ತೊಳೆಯುವ ಶುಚಿವಂತರ ಮನೆಯಲ್ಲಿ ಈ ಮೊದಲ ತಿಂಗಳು ಮುಗಿಯುವುದೇ ಇಲ್ಲ.

ಈ ಜೀವಾಣುಗಳು ದುಡಿಯುವಾಗ ನೀರಿನ ಕ್ಷಾರಾಂಶವನ್ನು ತಿನ್ನುತ್ತವೆ. 1 ಗ್ರಾಂ ಅಮೋನಿಯಾ ಸಾರಜನಕಕ್ಕೆ ಸುಮಾರು 7 ಗ್ರಾಂ ಸುಣ್ಣಕಲ್ಲಿನಷ್ಟು. ನಮ್ಮ ಗದಗ ಸೀಮೆಯ ಕೊಳವೆಬಾವಿಯ ನೀರು ಬೇಳೆ ಬೇಯದ ಗಡಸು ನೀರು; ಪಾತ್ರೆಯ ತಳದಲ್ಲಿ ಬಿಳಿಯ ಪೊರೆ ಕಟ್ಟುವಷ್ಟು ಸುಣ್ಣಾಂಶ ಅದರಲ್ಲಿದೆ. ಅಲ್ಲಿ ಇದೇ ಹುಡುಗಿ ಇದೇ ರೀತಿಯಲ್ಲಿ ಮೀನು ಸಾಕಿ ಗೆದ್ದಿದ್ದಳು. ಪುತ್ತಿಗೆಯದು ಮುರಕಲ್ಲಿನ ನೆಲ. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಸುರಿಯುವ ಮಳೆ ಆ ಮಣ್ಣಿನ ಸುಣ್ಣಾಂಶವನ್ನು ಯುಗಯುಗಗಳಿಂದ ತೊಳೆದುಬಿಟ್ಟಿದೆ. ಬಾವಿಯ ನೀರು ಕುಡಿಯಲು ಅಮೃತ, ಬೇಳೆ ಬೆಣ್ಣೆಯಂತೆ ಬೇಯುತ್ತದೆ. ಆದರೆ ಹುಳಿಯನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಇವರ ಬಾವಿಯ ನೀರೇ ಕಾಗದದ ಮೇಲೆ 6 ತೋರಿಸಿತು. ಮಕ್ಕಳ ಪರೀಕ್ಷೆಯ ಗಡಿಬಿಡಿಯಿಂದ ಹಿಡಿದು ನೀರು ಬದಲಿಸುವುದನ್ನೇ ಬಿಟ್ಟು, ಆರಿದಷ್ಟನ್ನು ತುಂಬಿಸುತ್ತಿದ್ದರು. ಇದ್ದ ಅಲ್ಪ ಕ್ಷಾರಾಂಶವೂ ತೀರಿತು. ನೀರು ಹುಳಿಯಾದಂತೆ ಜೀವಾಣುಗಳು ಕೆಲಸ ನಿಲ್ಲಿಸಿದವು, ಅಮೋನಿಯಾ ದಿನದಿನಕ್ಕೆ ಕೂಡುತ್ತ ಹೋಯಿತು.

ಹಾಗಿದ್ದರೂ ಮೀನು ಬದುಕಿದ್ದವೇಕೆ? ಹುಳಿ ನೀರಿನಲ್ಲಿ ಅಮೋನಿಯಾ ಹೆಚ್ಚುಕಡಿಮೆ ನಿರುಪದ್ರವಿಯಾದ ಅಮೋನಿಯಂ ರೂಪದಲ್ಲಿ ಅಡಗಿರುತ್ತದೆ. ಪಿಎಚ್ 6ರಲ್ಲಿ ಅದರ ವಿಷರೂಪ ಸಾವಿರದಲ್ಲಿ ಒಂದು ಭಾಗಕ್ಕೂ ಕಡಿಮೆ. ಕರಾವಳಿಯ ಉಷ್ಣತೆಯಲ್ಲಿ ಪಿಎಚ್ 9ಕ್ಕೇರಿದರೆ ನೂರಕ್ಕೆ 40 ಭಾಗ. ಅಂದರೆ ವಿಷ ತಿಂಗಳುಗಟ್ಟಲೆ ತೊಟ್ಟಿಯಲ್ಲಿಯೇ ಮಲಗಿತ್ತು, ಸುಣ್ಣ ಅದನ್ನು ಎಬ್ಬಿಸಿತು.

ಬೀಗಿತಿಯವರನ್ನೇ ಫೋನಿಗೆ ಕರೆಸಿದೆ. "ಬೀಗರ, ನನ್ನ ಕೈಲೆ ಐದು ಜೀವ ಹೋದ್ವಲ್ರೀ" ಎಂದರು. ಸುಣ್ಣದಿಂದ ಸಾಯಲಿಲ್ಲವೆಂದು ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ. "ಸುಣ್ಣ ನಿಮ್ಮದು ಹೌದು, ತಾಯಿ; ವಿಷ ಕೂಡಿಟ್ಟವರು ನೀರು ಬದಲಿಸದ ಮನೆಮಂದಿಯೆಲ್ಲ. ಹುಳಿಗೆ ಸುಣ್ಣಾಂಶ ಬೇಕೆಂಬ ನಿಮ್ಮ ತಿಳಿವಳಿಕೆಯೂ ತಪ್ಪಲ್ಲ, ಸುಣ್ಣದ ಜಾತಿ ತಪ್ಪಿತು" ಎಂದೆ. ಸ್ವಲ್ಪ ಹೊತ್ತಿನ ಮೇಲೆ, "ಹಂಗಾದ್ರ ಉಳಿದ ಎರಡಕ್ಕ ಏನು ಮಾಡೂಣ್ರಿ?" ಎಂದು ಕೇಳಿದರು. ಮಧ್ಯಾಹ್ನ ಊಟ ಮಾಡಿದರೆಂದು ಆಮೇಲೆ ತಿಳಿಯಿತು.

ಉಳಿದ ಎರಡನ್ನು ಬದುಕಿಸಲು ತಕ್ಷಣ ಅರ್ಧದಷ್ಟು ನೀರು ತೆಗೆದು, ಬಾವಿಯ ನೀರನ್ನು ಬಕೆಟ್ಟಿನಲ್ಲಿ ಗಾಳಿಯಾಡಿಸಿ, ನಿಧಾನವಾಗಿ ತುಂಬಲು ಹೇಳಿದೆ. ಸುಣ್ಣ ಬೀಳದೆ ಬರಿದೇ ಹುಳಿಯಾದ ತೊಟ್ಟಿಯಾಗಿದ್ದರೆ ಅಷ್ಟು ಅವಸರ ಬೇಡ. ದಿನಕ್ಕೆ ಹತ್ತನೆಯ ಒಂದು ಭಾಗದಂತೆ ವಾರಗಟ್ಟಲೆ ಬದಲಿಸಬೇಕು. ಎರಡು ದಿನ ಆಹಾರ ನಿಲ್ಲಿಸಲಾಯಿತು. ಮೀನು ಅಷ್ಟಕ್ಕೆ ಸೊರಗುವುದಿಲ್ಲ. ಅಮೋನಿಯಾ ತಗ್ಗಿದ ಮೇಲೆ ಶೋಧಕದೊಳಗೆ ತೆಳುಬಟ್ಟೆಯ ಗಂಟಿನಲ್ಲಿ ಒಂದು ಹಿಡಿ ಸುಣ್ಣಕಲ್ಲಿನ ಚೂರು. ಕರಾವಳಿಯವರು ಚಿಪ್ಪಿನ ಪುಡಿ ಹಾಕುತ್ತಾರೆ. ಬೀಗಿತಿಯವರು ಅದಕ್ಕೆ ಒಪ್ಪದ್ದರಿಂದ ಕಲ್ಲುಕೆಲಸದವರಲ್ಲಿ ಅಮೃತಶಿಲೆಯ ಚೂರು ತಂದರು. ಲಿಂಬೆಯ ರಸ ಬಿಟ್ಟಾಗ ಸಣ್ಣ ಗುಳ್ಳೆ ಎದ್ದರೆ ಅದು ಸರಿಯಾದ ಕಲ್ಲು, ಗ್ರಾನೈಟಿನಲ್ಲಿ ಏಳುವುದಿಲ್ಲ. ತಿನ್ನುವ ಸುಣ್ಣದಂತೆ ಇದು ಒಮ್ಮೆಲೇ ಕರಗದೆ, ನೀರು ಹುಳಿಯಾದಂತೆಲ್ಲ ತುಸುತುಸುವೇ ಕರಗುತ್ತದೆ. ವಾರಕ್ಕೊಮ್ಮೆ ನಾಲ್ಕನೆಯ ಒಂದು ಭಾಗ ನೀರು ಬದಲಿಸುವುದು, ಸ್ಪಂಜನ್ನು ತೊಟ್ಟಿಯಿಂದ ತೆಗೆದ ಆ ನೀರಿನಲ್ಲಿಯೇ ಹಿಂಡುವುದು ಈಗ ಹತ್ತು ವರ್ಷದ ಮೊಮ್ಮಗನ ಪಾಲಿಗೆ ಬಂದಿದೆ. ಅಜ್ಜಿ ಪಕ್ಕದಲ್ಲಿ ಕುಳಿತು ಪಿಎಚ್ ಕಾಗದದ ಬಣ್ಣ ನೋಡುತ್ತಾರಂತೆ. ಕಳೆದ ವಾರ 7 ಬಂದಿತ್ತು. ಹುಡುಗ ಹೊಸ ಮೀನು ಬೇಕೆನ್ನುತ್ತಿದ್ದಾನೆ. ಆ ತೊಟ್ಟಿಗೆ ಎರಡೇ ಸಾಕು, ಇನ್ನಷ್ಟು ಬೇಕಾದರೆ ಅಪ್ಪನಿಂದ ದೊಡ್ಡ ತೊಟ್ಟಿ ಕೇಳು ಎಂದಿದ್ದೇನೆ.