ಒಂಟಿ ಕೋಳಿಮರಿಯ ಪೋಷಣೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಗ್ರಾಮಗಳಲ್ಲಿ, ಹದ್ದು ಮುಂಗುಸಿಗಳ ಪಾಲಾಗದೆ ಉಳಿದ ಒಂದೇ ಮರಿಯನ್ನು ಮಂಕರಿಯಡಿ ಕವಿದು, ಹಿಡಿ ರಾಗಿನುಚ್ಚು ಚೆಲ್ಲಿದರೆ ಸಾಕೆಂದು ಭಾವಿಸುವವರುಂಟು. ಇದು ಸಾಲದೆಂದು ನಮ್ಮ ಅಭಿಪ್ರಾಯ.

ಮೊಟ್ಟೆಯೊಡೆದು ಬಂದ ಮರಿಗೆ ಒಡಲಲ್ಲುಳಿದ ಭಂಡಾರವೇ ಎರಡು ದಿನ ಆಹಾರವಾಗುವುದು. ಶಾಖಕ್ಕೆ ಅಂತಹ ಸಂಗ್ರಹವಿಲ್ಲ. ಮೊದಲ ವಾರ ಅದಕ್ಕೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬೆಚ್ಚಗು ಬೇಕು. ಬಳಿಕ ವಾರಕ್ಕೆ ಮೂರು ಡಿಗ್ರಿಯಂತೆ ತಗ್ಗಿಸಬಹುದು. ಜೊತೆಯ ಮರಿಗಳಿದ್ದರೆ ಒಂದನ್ನೊಂದು ಒತ್ತಿಕೊಂಡು ಶಾಖವುಳಿಸುವುವು. ಒಂದು ಕುಕ್ಕುವುದನ್ನು ಕಂಡು ಮತ್ತೊಂದು ಮೇಯಲು ಕಲಿಯುವುದು. ಒಂಟಿ ಮರಿಗೆ ಈ ಎರಡೂ ಇಲ್ಲ.

ಆದುದರಿಂದ ಅದೇ ವಯಸ್ಸಿನ ಮರಿಗಳುಳ್ಳ ಹೇಟೆಯ ಕೆಳಗೆ ಕತ್ತಲಾದ ಮೇಲೆ ಇದನ್ನು ಸೇರಿಸತಕ್ಕದ್ದು; ಬೆಳಗ್ಗೆ ಹೇಟೆ ಕುಕ್ಕಿ ಅಟ್ಟಿದರೆ ಕೂಡಲೇ ತೆಗೆಯತಕ್ಕದ್ದು. ಆಗ ಸಮವಯಸ್ಸಿನ ಒಂದೆರಡು ಮರಿಗಳನ್ನು ತಂದು, ದೀಪದ ಕಾವಿನಲ್ಲಿ ಒಟ್ಟಿಗೆ ಸಾಕುವುದು ಲೇಸು.

ಪರರ ಮರಿಯಿಂದ ರೋಗ ಬಂದೀತೆಂಬ ಅಂಜಿಕೆ ನ್ಯಾಯವಾದುದೇ. ಕೊಕ್ಕರೆ ರೋಗ ಹೊಕ್ಕ ಮನೆಯ ಮರಿಯನ್ನಾಗಲಿ, ತೂಕಡಿಸುವ ಮರಿಯನ್ನಾಗಲಿ ಸೇರಿಸಲಾಗದು. ಆರೋಗ್ಯವುಳ್ಳುದನ್ನು ನಿರಾಕರಿಸಲು ಮಾತ್ರ ಕಾರಣವಿಲ್ಲ. ಹೇಟೆಯುಳ್ಳ ಜಮೀನುದಾರರು ನೆರೆಯ ಬಡವರ ಒಂಟಿ ಮರಿಗೆ ಎಡೆಗೊಡಲಿ. ಗ್ರಾಮದ ಮುಖಂಡರು ಇದನ್ನು ಊರ ವಾಡಿಕೆಯಾಗಿಸಲಿ. ಆ ಮರಿ ಬೆಳೆದು ಇಡುವ ಮೊಟ್ಟೆಯೇ ಬಡ ಗೃಹಿಣಿಯ ಕೈಕಾಸು.