ಜಾಮಠಾದಲ್ಲಿ ಕ್ರಮಾಂಕದ ಲೆಕ್ಕ

2025ರ ಫೆಬ್ರುವರಿ 26, ನಾಗ್ಪುರದ ಹೊರವಲಯದ ಜಾಮಠಾ ಕ್ರೀಡಾಂಗಣದಲ್ಲಿ ರಣಜಿ ಫೈನಲ್. ಟಾಸ್ ಗೆದ್ದ ಕೇರಳ ಬೌಲಿಂಗ್ ಆಯ್ದುಕೊಂಡಿತು. ಧ್ರುವ ಶೋರೆ ಜೊತೆ ವಿದರ್ಭದ ಇನಿಂಗ್ಸ್ ಆರಂಭಿಸಲು ಬಂದವರು ಪಾರ್ಥ್ ರೇಖಡೆ. ಅವರು ಎಡಗೈ ಸ್ಪಿನ್ನರ್. ಮೊದಲ ಓವರಿನಲ್ಲೇ ಸೊನ್ನೆಗೆ ಔಟ್. ಮೂರನೇ ಕ್ರಮಾಂಕದಲ್ಲಿ ಬಂದದ್ದೂ ಬೌಲರೇ, ದರ್ಶನ್ ನಲ್ಕಂಡೆ. ಅವರದು ಒಂದೇ ರನ್. ಶೋರೆಯೂ ಹೊರಟಾಗ ತಂಡದ ಮೊತ್ತ 24, ಬಿದ್ದದ್ದು ಮೂರು ವಿಕೆಟ್.

ಬ್ಯಾಟು ಹಿಡಿಯುವವರನ್ನು ಒಳಗೆ ಕೂರಿಸಿ ಬೌಲರ್‌ಗಳನ್ನು ಕಳಿಸುವುದೇ? ಆ ಹೊತ್ತಿಗೆ ಯಾವ ಅಭಿಮಾನಿಯ ಬಾಯಲ್ಲೂ ಇದೇ ಪ್ರಶ್ನೆ. ಸಂಜೆ ಆಟ ಮುಗಿದಾಗ ವಿದರ್ಭ 4 ವಿಕೆಟ್‌ಗೆ 254. ದಾನಿಶ್ ಮಾಲೇವಾರ್ ಮತ್ತು ಕರುಣ್ ನಾಯರ್ ಸೇರಿಸಿದ್ದು 215. ಬೆಳಿಗ್ಗೆ ಹುಚ್ಚಾಟವೆನಿಸಿದ್ದು ಸಂಜೆಗೆ ಜಾಣತನದಂತೆ ಕಂಡಿತು. ತೀರ್ಮಾನವೇನೂ ಬದಲಾಗಿರಲಿಲ್ಲ, ಫಲಿತಾಂಶ ಬದಲಾಗಿತ್ತು.

ಹಾಗಾದರೆ ಅದನ್ನು ಅಳೆಯುವುದು ಹೇಗೆ? ಕೋಚ್ ಮತ್ತು ನಾಯಕನಿಗೆ ಬೆಳಿಗ್ಗೆ ಗೊತ್ತಿದ್ದದ್ದೇನು ಎಂಬುದರಿಂದ. ಹೊಸ ಚೆಂಡು ಗಟ್ಟಿ, ಹೊಳಪು ಮಾಸಿರುವುದಿಲ್ಲ, ಮೊದಲ ಗಂಟೆಯ ಪಿಚ್ಚಿನಲ್ಲಿ ತುಸು ತೇವ. ಎದುರಾಳಿ ತಾನಾಗಿ ಬೌಲಿಂಗ್ ಕೇಳಿ ಪಡೆದಿದ್ದಾನೆ. ಆ ಒಂದು ಗಂಟೆಯನ್ನು ಬೌಲರ್‌ಗಳೇ ಹೇಗೋ ನೂಕಿದರೆ, ಚೆಂಡು ಮೆತ್ತಗಾದ ಮೇಲೆ ನಾಯರ್, ಯಶ್ ರಾಥೋಡ್‌ರಂಥವರು ಇಡೀ ದಿನ ಆಡಬಹುದು. ದಿನದಾಟದ ಕೊನೆಯಲ್ಲಿ ನೈಟ್‌ವಾಚ್‌ಮನ್ ಕಳಿಸುವುದೂ ಇದೇ ಲೆಕ್ಕಾಚಾರದಲ್ಲಿ, ಇಲ್ಲಿ ಅದು ಬೆಳಗಿಗೆ ಬಂದಂತಿತ್ತು. ತರ್ಕ ಪೊಳ್ಳಲ್ಲ. ಆದರೂ ನನಗೆ ಒಪ್ಪಿಗೆಯಾಗದ ಒಂದು ಅಂಶವಿದೆ. ಬೌಲರ್ ಔಟಾದರೂ ಸ್ಕೋರ್‌ಬೋರ್ಡಿನಲ್ಲಿ ಬೀಳುವುದು ಪೂರ್ತಿ ಒಂದು ವಿಕೆಟ್ಟೇ. ಆ ಭಾರ ಬಿದ್ದದ್ದು ಮೊದಲ ಸೀಸನ್ ಆಡುತ್ತಿದ್ದ ಮಾಲೇವಾರ್ ಹೆಗಲ ಮೇಲೆ. ಎರಡನೇ ಇನಿಂಗ್ಸಿನಲ್ಲೂ ರೇಖಡೆ ಅವರೇ ಆರಂಭಿಸಿದರು, 7 ರನ್‌ಗೆ ಎರಡು ವಿಕೆಟ್ ಹೋದವು, ಮತ್ತೆ ಅದೇ ಜೋಡಿ 182 ರನ್ ಕೂಡಿಸಿತು. ಎರಡು ಸಲವೂ ಯೋಜನೆ ಸೋತಿತು, ಎರಡು ಸಲವೂ ಮಾಲೇವಾರ್ ಮತ್ತು ನಾಯರ್ ಅದನ್ನು ಮುಚ್ಚಿದರು. ಕಪ್ ಗೆದ್ದರೆಂದು ಇದನ್ನು ಮರೆಯಬಾರದು.

ಆ ಪಂದ್ಯದ ಇನ್ನೊಂದು ತೀರ್ಮಾನ ಮಾತ್ರ ಚೊಕ್ಕವಾಗಿತ್ತು, ಅದರ ಮೇಲಿನ ಆಕ್ಷೇಪಣೆ ನನಗೆ ಸರಿ ಕಾಣುವುದಿಲ್ಲ. ರಣಜಿ ನಾಕೌಟ್‌ನಲ್ಲಿ ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸಿನಲ್ಲಿ ಮುನ್ನಡೆ ಪಡೆದ ತಂಡ ಗೆದ್ದಂತೆ. ವಿದರ್ಭ 379, ಕೇರಳ 342. ನಡುವೆ 37 ರನ್. ಕೇರಳದ ನಾಯಕ ಸಚಿನ್ ಬೇಬಿ 98ಕ್ಕೆ ಔಟಾಗದೆ ಇನ್ನಷ್ಟು ಹೊತ್ತು ನಿಂತಿದ್ದರೆ ಈ ಅಂತರವೇ ಉಳಿಯುತ್ತಿರಲಿಲ್ಲವೇನೋ. ಅಲ್ಲಿಂದಾಚೆಗೆ ವಿದರ್ಭಕ್ಕೆ ಬೇಕಿದ್ದದ್ದು ರನ್ ಅಲ್ಲ, ಹೊತ್ತು. ಡಿಕ್ಲೇರ್ ಮಾಡಿದರೆ ಕೇರಳಕ್ಕೆ ಉಳಿದಿದ್ದ ಒಂದೇ ಒಂದು ದಾರಿಯನ್ನು ತಾವೇ ತೆರೆದುಕೊಟ್ಟಂತಾಗುತ್ತಿತ್ತು. ಐದನೇ ದಿನ 9 ವಿಕೆಟ್‌ಗೆ 375 ಆಗುವವರೆಗೂ ಆಡಿದರು, ಟ್ರೋಫಿ ಎತ್ತಿದರು. ಟಿ20 ನೋಡಿ ಬೆಳೆದ ಕಣ್ಣಿಗೆ ಇದು ಹೇಡಿತನ. ನಿಯಮ ಓದಿದವರಿಗೆ ಹಾಗಲ್ಲ.

ಕರ್ನಾಟಕದ ಅಭಿಮಾನಿಗೆ ಆ ಫೈನಲ್ ಬೇರೆಯೇ ಕಾರಣಕ್ಕೆ ಚುಚ್ಚಿತು. ನಾಯರ್ 86 ಮತ್ತು 135 ಹೊಡೆದರು. ಶತಕ ಮುಗಿಸಿ ಒಂಬತ್ತು ಬೆರಳು ಎತ್ತಿ ತೋರಿಸಿದರು: ಆ ಸೀಸನ್ನಿನ ಒಂಬತ್ತನೇ ಶತಕ. ಭಾರತದ ಪರ ತ್ರಿಶತಕ ಹೊಡೆದಿದ್ದ ಅವರನ್ನು 2022ರಲ್ಲಿ ನಾವೇ ಕೈಬಿಟ್ಟಿದ್ದೆವು. ರಾಜ್ಯ ತಂಡಗಳಿಗೆ ಮೂವರು ಹೊರಗಿನ ಆಟಗಾರರನ್ನು ತೆಗೆದುಕೊಳ್ಳಲು ಅವಕಾಶವಿದೆ. ವಿದರ್ಭ ಇದನ್ನು ಬಹಳ ಹಿಂದೆಯೇ ಅರಿತಿತ್ತು. ದಾವಣಗೆರೆಯಲ್ಲಿ ಹುಟ್ಟಿದ ಗಣೇಶ್ ಸತೀಶ್ ನಮ್ಮನ್ನು ಬಿಟ್ಟು ಅಲ್ಲಿಗೆ ಹೋಗಿದ್ದರು. 2017ರ ಡಿಸೆಂಬರಿನಲ್ಲಿ ಈಡನ್ ಗಾರ್ಡನ್ಸ್ ಸೆಮಿಫೈನಲ್‌ನಲ್ಲಿ ವಿದರ್ಭದ ಎರಡನೇ ಇನಿಂಗ್ಸ್ ಅನ್ನು ಎತ್ತಿ ನಿಲ್ಲಿಸಿದವರು ಅವರೇ. ನಾವು 198 ಬೆನ್ನಟ್ಟಿ 192ಕ್ಕೆ ಮುಗಿದೆವು, ಸೋಲು ಐದೇ ರನ್ನಿನದು. 2024ರಲ್ಲಿ ನಾಗ್ಪುರದಲ್ಲೇ ಕ್ವಾರ್ಟರ್‌ಫೈನಲ್: ನಾಯರ್ ನಮ್ಮ ವಿರುದ್ಧ 90 ಹೊಡೆದರು, 127 ರನ್‌ಗಳಿಂದ ಸೋತೆವು.

'ಕರುಣ್‌ನನ್ನು ಬಿಟ್ಟವರು ಯಾರು?' ಎಂಬ ಸಿಟ್ಟು ನನ್ನದೂ ಹೌದು. ಆದರೆ ರೇಖಡೆಯನ್ನು ಅಳೆದ ಮಾನದಂಡವೇ ಇಲ್ಲಿಗೂ ಬೇಕು. ಬಿಟ್ಟ ಹೊತ್ತಿನಲ್ಲಿ ಅವರ ಬ್ಯಾಟಿನಿಂದ ರನ್ ಬರುತ್ತಿರಲಿಲ್ಲ, ಹೊಸ ಹುಡುಗರು ಬಾಗಿಲಲ್ಲಿ ನಿಂತಿದ್ದರು. ತಂಡದಿಂದ ತೆಗೆದದ್ದು ಅರ್ಥವಾಗುವ ಮಾತು. ಅರ್ಥವಾಗದ್ದು, ಮರಳಿ ಬರುವ ದಾರಿಯನ್ನು ಯಾರೂ ತೋರದೆ ಹೋದದ್ದು. ಕ್ರಿಕೆಟ್ಟೇ ನನಗೆ ಇನ್ನೊಂದು ಅವಕಾಶ ಕೊಡಲಿ ಎಂದು ಆತ ಬಹಿರಂಗವಾಗಿ ಬೇಡಿಕೊಳ್ಳಬೇಕಾಯಿತು. ನಾಗ್ಪುರ ಕೊಟ್ಟದ್ದು ಆ ಅವಕಾಶವನ್ನು, ಮತ್ತು ಒಂದು ನಿಗದಿಯಾದ ಕ್ರಮಾಂಕವನ್ನು. ಮಧ್ಯಮ ಕ್ರಮಾಂಕದ ಬ್ಯಾಟರ್‌ಗೆ ಇದು ದೊಡ್ಡದು. ನಾಳೆ ಮೂರಕ್ಕೋ ಆರಕ್ಕೋ ಎಂದು ತಿಳಿಯದವನ ಕಾಲು ಮುಂದೂ ಹೋಗುವುದಿಲ್ಲ, ಹಿಂದೂ ಬರುವುದಿಲ್ಲ.

ಈ ಕಥೆಗೆ ಇನ್ನೊಂದು ಬದಿಯೂ ಇದೆ. 2025ರ ಜನವರಿ 18ರಂದು ವಡೋದರಾದಲ್ಲಿ ವಿಜಯ್ ಹಜಾರೆ ಫೈನಲ್. ಅದಕ್ಕೂ ಮುನ್ನ ಆ ಟೂರ್ನಿಯಲ್ಲಿ ನಾಯರ್ ಐದು ಶತಕ ಬಾರಿಸಿದ್ದರು. ಅಂದು ಅವರನ್ನು ಪ್ರಸಿದ್ಧ ಕೃಷ್ಣ 27ಕ್ಕೆ ಬೌಲ್ಡ್ ಮಾಡಿದರು, ಕರ್ನಾಟಕ 36 ರನ್‌ಗಳಿಂದ ಗೆದ್ದಿತು. ನಮ್ಮ ಪರ 101 ಹೊಡೆದದ್ದು ಎಡಗೈ ಯುವಕ ಆರ್. ಸ್ಮರಣ್. ಹಿರಿಯರು ಬಿಟ್ಟ ಜಾಗ ಖಾಲಿಯಾಗಿಯೇ ಉಳಿದಿರಲಿಲ್ಲ.

ಮುಂದಿನ ಸೀಸನ್‌ಗೆ ನಾಯರ್ ಕರ್ನಾಟಕಕ್ಕೆ ಮರಳಿದರು. ಅವರಿಗಾಗಿ ಯಾವ ಹುಡುಗನನ್ನು ಕೂರಿಸುತ್ತಾರೆ ಎಂಬ ತಕರಾರು ಏಳುವುದು ಸಹಜವೇ. 2025ರ ನವೆಂಬರಿನಲ್ಲಿ ಕೇರಳದ ವಿರುದ್ಧ ನಾಯರ್ 233 ಹೊಡೆದರು. ಅದೇ ಇನಿಂಗ್ಸಿನಲ್ಲಿ ದ್ವಿಶತಕ ಬಾರಿಸಿ ಔಟಾಗದೆ ಉಳಿದ ಇನ್ನೊಬ್ಬರು ಸ್ಮರಣ್.