ಊರಲ್ಲಿ ಉಳಿದ ಮುದುಕರ ಲೆಕ್ಕ ಇಡೋರು ಯಾರು?

ಕೊಡಿಕೊಂಡ ಚೆಕ್‌ಪೋಸ್ಟ್ ದಾಟಿದರೆ ಬಾಗೇಪಲ್ಲಿ, ಅಲ್ಲಿಂದ ಮುಂದಕ್ಕೆ ಬೆಂಗಳೂರು. ಚಿಲಮತ್ತೂರು, ಹಿಂದೂಪುರ ಭಾಗದ ಹುಡುಗರು ಕೂಲಿಗೋ ನೌಕರಿಗೋ ಈ ದಾರಿ ಹಿಡಿದು ಎಷ್ಟೋ ಕಾಲವಾಯಿತು. "ಮಗ ಬೆಂಗ್ಳೂರಾಗವ್ನೆ, ಹಬ್ಬಕ್ಕೆ ಬತ್ತಾನೆ" ಎಂಬ ಮಾತು ಯಾವ ಜಗಲಿಯಲ್ಲಿ ಕೂತರೂ ಕೇಳುತ್ತದೆ. ಊರಿನಲ್ಲಿ ಉಳಿದವರು ಅಜ್ಜ, ಅಜ್ಜಿಯರು.

ಇಂಥ ಹೊತ್ತಿನಲ್ಲಿ ಪ್ರೊ. ಎಚ್.ಎಂ. ಮರುಳಸಿದ್ಧಯ್ಯ ನೆನಪಾಗುತ್ತಾರೆ. 1931ರಲ್ಲಿ ಕೂಡ್ಲಿಗಿ ತಾಲ್ಲೂಕಿನ ಹಿರೇಕುಂಬಳಗುಂಟೆಯಲ್ಲಿ ಹುಟ್ಟಿದವರು. ಕಲ್ಯಾಣದುರ್ಗ, ರಾಯದುರ್ಗದ ಕಡೆಯವರಿಗೆ ಅದೇನು ಪರದೇಶವಲ್ಲ, ಅದೇ ಮಳೆಯಿಲ್ಲದ ಬಯಲುಸೀಮೆ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯದ ಪ್ರಾಧ್ಯಾಪಕರಾಗಿದ್ದ ಅವರು ಮಾಕುಂಟಿ ಎಂಬ ಹಳ್ಳಿಯ ವೃದ್ಧರ ಬದುಕನ್ನು ಅಧ್ಯಯನ ಮಾಡಿ ಬರೆದ ಇಂಗ್ಲಿಷ್ ಪುಸ್ತಕವನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1969ರಲ್ಲಿ ಪ್ರಕಟಿಸಿತು. ಕೂಡುಕುಟುಂಬದ ನಾಡಲ್ಲಿ ಮುದುಕರಿಗೆ ಎಂಥ ಕಷ್ಟ ಎಂದು ಎಲ್ಲರೂ ಸುಮ್ಮನಿದ್ದ ಕಾಲವದು. ಹೆತ್ತವರ ಪೋಷಣೆಗೆಂದೇ ಪ್ರತ್ಯೇಕ ಕೇಂದ್ರ ಕಾನೂನು ಬಂದದ್ದು 2007ರಲ್ಲಿ! ಮೇಷ್ಟ್ರು ಮೂವತ್ತೆಂಟು ವರ್ಷ ಮುಂಚೆಯೇ ಅವರ ಪಕ್ಕದಲ್ಲಿ ಕೂತು ಕೇಳಿದ್ದರು.

ಪಾಠ, ಸಂಶೋಧನೆ ಅಂತ ಕೋಣೆಯಲ್ಲಿ ಕೂತವರಲ್ಲ ಅವರು. 'ನಿರ್ಮಲ ಕರ್ನಾಟಕ'ದ ಪರಿಕಲ್ಪನೆಯ ಹಿಂದೆ ಅವರ ಚಿಂತನೆಯಿತ್ತು. ಇಂಗ್ಲಿಷಿನಲ್ಲೇ ನಡೆಯುತ್ತಿದ್ದ ಸಮಾಜಕಾರ್ಯದ ವಿಷಯವನ್ನು ಕನ್ನಡದಲ್ಲಿ ಬರೆದರು, ಬರೆಸಿದರು. ನಮ್ಮ ಮಟ್ಟಿಗೆ ಇದೇ ದೊಡ್ಡ ಕೆಲಸ. 2018ರಲ್ಲಿ ಅವರು ತೀರಿಕೊಂಡರು.

ಆಂಧ್ರ ಸರಕಾರ 2024ರ ಜುಲೈನಿಂದ ವೃದ್ಧಾಪ್ಯ ಪಿಂಚಣಿಯನ್ನು 4000 ರೂಪಾಯಿಗೆ ಏರಿಸಿ ಮನೆಬಾಗಿಲಿಗೇ ತಲುಪಿಸುತ್ತಿದೆ. ಒಳ್ಳೆಯದೇ, ಬೇಡ ಅನ್ನೋರು ಯಾರು? ಆದರೆ ಒಂದನೇ ತಾರೀಕು ದುಡ್ಡು ಕೊಟ್ಟು ಹೋದ ಮೇಲೆ ಉಳಿದ ದಿನ ಆಸ್ಪತ್ರೆಗೆ ಕರೆದೊಯ್ಯುವವರು, ಮಾತಾಡಿಸುವವರು ಯಾರು? ತೆಲುಗಿನ ಅರ್ಜಿ ಓದಲು ಬಾರದ ಕನ್ನಡದ ಅಜ್ಜಿ ತನ್ನ ನೋವನ್ನು ಯಾವ ಭಾಷೆಯಲ್ಲಿ ಹೇಳಬೇಕು?

ಅನಂತಪುರದ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಸಮಾಜಕಾರ್ಯ ವಿಭಾಗವಿದೆ. ಗಡಿಯಾಚೆ ಬೆಂಗಳೂರಿನಲ್ಲೂ ಎಂ.ಎಸ್.ಡಬ್ಲ್ಯು. ಕಾಲೇಜುಗಳಿಗೆ ಬರವಿಲ್ಲ. ಕ್ಷೇತ್ರಕಾರ್ಯ ಅಂದರೆ ಡೈರಿಗೆ ಸಹಿ ಹಾಕಿಸುವುದಲ್ಲ ಎಂದು ಒಪ್ಪುವ ಮೇಷ್ಟ್ರುಗಳು ಎರಡೂ ಕಡೆ ಇದ್ದಾರೆ. ಎರಡೂ ಭಾಷೆ ಬಲ್ಲ ನಾಲ್ಕಾರು ವಿದ್ಯಾರ್ಥಿಗಳನ್ನು ಈ ಬೇಸಿಗೆಯಲ್ಲಿ ಚಿಲಮತ್ತೂರು ಮಂಡಲದ ಒಂದೆರಡು ಹಳ್ಳಿಗಾದರೂ ಕಳಿಸಲಿ. ಒಂಟಿಯಾಗಿರುವ ಹಿರಿಯರು ಎಷ್ಟು ಮಂದಿ, ಔಷಧಿಗೆ ಎಲ್ಲಿಗೆ ಹೋಗುತ್ತಾರೆ, ಮಕ್ಕಳು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ ಎಂದು ಮನೆಮನೆ ತಿರುಗಿ ಬರೆದುಕೊಳ್ಳಲಿ. ಆ ಪಟ್ಟಿಯ ಒಂದು ಪ್ರತಿ ಮಂಡಲ ಕಚೇರಿಗೆ, ಇನ್ನೊಂದು ಬೆಂಗಳೂರಿನಲ್ಲಿರುವ ಮಕ್ಕಳ ಕೈಗೆ ಸೇರಲಿ.